ಮೊದಲು ಕೈ ಕಲಿಯಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಗನೋ ಮಗಳೋ "ಅಮ್ಮಾ, ನಾನು ಕಮ್ಯುನಿಟಿ ಕಾಲೇಜಿಗೆ ಸೇರ್ತೀನಿ, ಪ್ಯಾರಾಮೆಡಿಕ್ ಆಗ್ತೀನಿ" ಅಂದರೆ, ಅಂದರೆ ಊರಿನ ಎರಡು ವರ್ಷದ ಕಾಲೇಜಿಗೆ ಸೇರಿ ಆಂಬುಲೆನ್ಸಿನ ತುರ್ತು ಚಿಕಿತ್ಸಕರಾಗುತ್ತೇನೆ ಅಂದರೆ, ಮನೆಯಲ್ಲಿ ಒಂದು ಗಳಿಗೆ ಸದ್ದಿರುವುದಿಲ್ಲ. ಆಮೇಲೆ ಒಂದೇ ಪ್ರಶ್ನೆ: "ಆಂಬುಲೆನ್ಸ್ ಓಡಿಸೋಕಾ?" 11 ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದೇನೆ. ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಬರೀ ಓಡಿಸುವುದಕ್ಕಲ್ಲ ತಾಯಿ. ಎದೆಬಡಿತ ನಿಂತವರಿಗೆ, ಅವರು ಬಿದ್ದ ನೆಲದ ಮೇಲೇ ಚಿಕಿತ್ಸೆ ಶುರುಮಾಡುವುದಕ್ಕೆ.

ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಈ ವಿದ್ಯೆಯಲ್ಲಿ ತಲೆಗಿಂತ ಮೊದಲು ಕೈ ಕಲಿಯಬೇಕು.

ಮೊದಲ ಮೆಟ್ಟಿಲು ಇ.ಎಂ.ಟಿ., ಅಂದರೆ ತುರ್ತು ಚಿಕಿತ್ಸೆಯ ಪ್ರಾಥಮಿಕ ಕೋರ್ಸು. ಒಂದು ಸೆಮಿಸ್ಟರ್, ಸುಮಾರು 150 ಗಂಟೆ. ರಕ್ತ ನಿಲ್ಲಿಸುವುದು, ಮುರಿದ ಕಾಲಿಗೆ ದಬ್ಬೆ ಕಟ್ಟುವುದು, ಆಮ್ಲಜನಕ ಕೊಡುವುದು. ಅದು ಪಾಸಾದ ಮೇಲೆ ಪ್ಯಾರಾಮೆಡಿಕ್ ಕೋರ್ಸು, ಸಾವಿರ ಗಂಟೆಗೂ ಮೇಲೆ. ರಕ್ತನಾಳಕ್ಕೆ ಸೂಜಿ ಹಾಕುವುದು, ಇ.ಸಿ.ಜಿ. ಓದುವುದು, ಗಂಟಲೊಳಗೆ ಉಸಿರಿನ ಕೊಳವೆ ಇಳಿಸುವುದು. ಪಾಠದ ದೊಡ್ಡ ಪಾಲು ತರಗತಿಯ ಆಚೆಗೇ ನಡೆಯುತ್ತದೆ: ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಹೆರಿಗೆ ಕೋಣೆಯಲ್ಲಿ, ಕೊನೆಗೆ ಆಂಬುಲೆನ್ಸಿನಲ್ಲಿ. ಯಾಕೆ? ಕೈ ಕಲಿಯಬೇಕು, ಅದಕ್ಕೆ.

ಈ ವಿದ್ಯೆ ಹುಟ್ಟಿದ ಕಥೆ ನನಗೆ ಬಹಳ ಪ್ರಿಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 1967ನೇ ಇಸವಿ, ಪಿಟ್ಸ್‌ಬರ್ಗ್. ಆ ಊರಲ್ಲಿ ಯಾರಾದರೂ ಎದೆನೋವು ಅಂತ ಫೋನು ಮಾಡಿದರೆ ಬರುತ್ತಿದ್ದುದು ಪೊಲೀಸ್ ವ್ಯಾನು. ರೋಗಿಯನ್ನು ಹಿಂದೆ ಮಲಗಿಸಿ, ಪೊಲೀಸರು ಮುಂದೆ ಕೂತು ಹೊರಟುಬಿಡುತ್ತಿದ್ದರು. ದಾರಿಯಲ್ಲಿ ಉಸಿರು ಆಡುತ್ತಿದೆಯೋ ನಿಂತಿದೆಯೋ, ನೋಡುವ ಜೀವವಿಲ್ಲ! ಅದೇ ಊರಲ್ಲಿ ಪೀಟರ್ ಸಫರ್ ಅನ್ನುವ ಅರಿವಳಿಕೆ ತಜ್ಞರಿದ್ದರು. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರೆ ಜೀವ ಉಳಿಸಬಹುದೆಂದು ಪ್ರಯೋಗ ಮಾಡಿ ತೋರಿಸಿದವರು ಅವರು. ಅವರ ಎಳೆಯ ಮಗಳೇ ಹಿಂದಿನ ವರ್ಷ ಅಸ್ತಮಾದಿಂದ ತೀರಿಕೊಂಡಿದ್ದಳು. ಹಿಲ್ ಡಿಸ್ಟ್ರಿಕ್ಟ್ ಅನ್ನುವ ಕಪ್ಪು ಜನರ ಬಡಾವಣೆಯಲ್ಲಿ ಕೆಲಸ ಸಿಗದೆ ಕೂತಿದ್ದ ಯುವಕರಿಗೆ ಸಫರ್ ಅವರು ಸುಮಾರು 300 ಗಂಟೆ ಪಾಠ ಹೇಳಿಸಿದರು. ಅವರಲ್ಲಿ ಹೈಸ್ಕೂಲು ಮುಗಿಸದವರೂ ಇದ್ದರು. ಅದೇ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ. ಮುಂದೆ ನ್ಯಾನ್ಸಿ ಕ್ಯಾರೊಲೈನ್ ಅನ್ನುವ ವೈದ್ಯೆ ಅವರ ಜೊತೆಗೇ ಆಂಬುಲೆನ್ಸಿನಲ್ಲಿ ಓಡಾಡಿ, ಕಲಿಸಿ, ಇಡೀ ದೇಶಕ್ಕೆ ಪ್ಯಾರಾಮೆಡಿಕ್ ಪಾಠಕ್ರಮ ಬರೆದರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರುಮಾಡಿತು, ಫ್ರೀಡಂ ಹೌಸ್ ಮುಚ್ಚಿತು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಓದಿಲ್ಲ, ಇವರ ಕೈಲಿ ಏನಾಗುತ್ತೆ ಅಂತ ಊರಿನವರು ಕೈಬಿಟ್ಟಿದ್ದ ಹುಡುಗರು ಆ ಊರಿನ ಪ್ರಾಣ ಕಾದರು. ಅವರ ಕೈ ಕಲಿತಿತ್ತು.

ಅಯ್ಯೋ, ಇದರಲ್ಲೇ ಹೊತ್ತು ಹೋಯಿತು. ಬೇಗ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯಕ್ಕೆ ಹೋಲಿಸಿದರೆ ಕಮ್ಯುನಿಟಿ ಕಾಲೇಜಿನ ಶುಲ್ಕ ಬಹಳ ಕಡಿಮೆ. ಸಂಜೆ ತರಗತಿಗಳೂ ಇರುತ್ತವೆ. ಮುಗಿದ ಮೇಲೆ ಬಹುತೇಕ ರಾಜ್ಯಗಳಲ್ಲಿ ರಾಷ್ಟ್ರೀಯ ಪರೀಕ್ಷೆ ಬರೆಯಬೇಕು.

ಮಕ್ಕಳೇ, ನಿಮಗೊಂದು ಮಾತು. ಎದೆಬಡಿತ ನಿಂತವರ ಎದೆ ಒತ್ತಿ ಪ್ರಾಣ ಉಳಿಸುವ ಸಿ.ಪಿ.ಆರ್. ಅನ್ನು ಗೊಂಬೆಯ ಮೇಲೆ ಕಲಿಯುವ ಪಾಠದಲ್ಲಿ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಒತ್ತಬೇಕು. ಎರಡು ನಿಮಿಷಕ್ಕೆ ಭುಜ ಸೋತು ಬರುತ್ತದೆ. "ಗೊತ್ತಾಯ್ತು, ಸಾಕು" ಅನ್ನುತ್ತಾರೆ ಹುಡುಗರು. ಗೊತ್ತಾದದ್ದು ತಲೆಗೆ, ಕೈಗಲ್ಲ. ಮತ್ತೆ ಒತ್ತು ಅನ್ನುತ್ತೇನೆ. ಅಳು ಬಂದರೂ ಒತ್ತು ಅನ್ನುತ್ತೇನೆ.

ತಂದೆತಾಯಿಗಳೇ, ನಿಮ್ಮೂರಲ್ಲೂ ಸಿ.ಪಿ.ಆರ್. ಕಲಿಸುವವರಿರುತ್ತಾರೆ. ಒಂದು ಸಂಜೆ ಬಿಡುವು ಮಾಡಿಕೊಂಡು ಮಗಳ ಜೊತೆ ಹೋಗಿ. ಸೀರೆಯಾದರೂ ಪರವಾಗಿಲ್ಲ, ಸೆರಗು ಸಿಕ್ಕಿಸಿ ಮಂಡಿಯೂರಿ, ಗೊಂಬೆಯ ಎದೆಯ ಮೇಲೆ ನೀವೂ ಕೈಯಿಡಿ, ಎರಡು ನಿಮಿಷ ಬಿಡದೆ ಒತ್ತಿ. ಅವಳ ಕೋರ್ಸಿನ ಮಾತು ಮನೆಗೆ ಬಂದ ಮೇಲೆ ಆಡೋಣ. ನಮಸ್ಕಾರ.