ಹದಿಮೂರರ ಅಂಗಿಯ ಅಲೆಮಾರಿ

ಕೇಳುಗರೇ, ನಮಸ್ಕಾರ. ಇವತ್ತು ಉರುಗ್ವೆಯ ಫುಟ್‌ಬಾಲ್ ಆಟಗಾರ ಸೆಬಾಸ್ಟಿಯನ್ ಅಬ್ರೆವು ಅವರ ಮಾತು.

2010ರ ಜುಲೈ 2ರ ರಾತ್ರಿ. ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿ ಮೈದಾನ. ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಉರುಗ್ವೆ ಮತ್ತು ಘಾನಾ 1-1ರ ಸಮಬಲದಲ್ಲಿವೆ. ಹೆಚ್ಚುವರಿ ಸಮಯದ ಕಟ್ಟಕಡೆಯ ಗಳಿಗೆಯಲ್ಲಿ ಲೂಯಿಸ್ ಸುವಾರೆಜ್ ಗೋಲಿನ ಗೆರೆಯ ಮೇಲೆ ನಿಂತು ಚೆಂಡನ್ನು ಕೈಯಿಂದ ತಡೆದು ಕೆಂಪು ಕಾರ್ಡ್ ಪಡೆದರು. ಆಗ ಸಿಕ್ಕ ಪೆನಾಲ್ಟಿಯನ್ನು ಘಾನಾದ ಅಸಮೋವಾ ಗ್ಯಾನ್ ಹೊಡೆದರೆ, ಚೆಂಡು ಅಡ್ಡಪಟ್ಟಿಗೆ ಬಡಿದು ಹಾರಿಹೋಯಿತು. ಆಟ ಶೂಟೌಟಿಗೆ, ಅಂದರೆ ಎರಡೂ ತಂಡಗಳು ಸರದಿಯಲ್ಲಿ ಐದೈದು ಪೆನಾಲ್ಟಿ ಹೊಡೆದು ಗೆಲುವು ತೀರ್ಮಾನಿಸುವ ಹಂತಕ್ಕೆ ಹೋಯಿತು.

ಉರುಗ್ವೆಯ ಐದನೆಯ ಸರದಿ. ಆಗ ಲೆಕ್ಕ 3-2. ಗೋಲಾದರೆ ಸೆಮಿಫೈನಲ್, ತಪ್ಪಿದರೆ ಘಾನಾಕ್ಕೆ ಮತ್ತೆ ಜೀವ. ಮೈದಾನದ ನಡುವಿನಿಂದ ಉದ್ದನೆಯ ಕೂದಲಿನ, 13ನೇ ನಂಬರಿನ ಅಂಗಿ ತೊಟ್ಟ ಒಬ್ಬರು ನಡೆದು ಬಂದರು. ಕವಾನಿಯ ಬದಲಿಗೆ ಆಟಕ್ಕಿಳಿದಿದ್ದ ಸೆಬಾಸ್ಟಿಯನ್ ಅಬ್ರೆವು. ಜೋರಾಗಿ ಓಡಿ ಬಂದರು. ಗೋಲ್‌ಕೀಪರ್ ರಿಚರ್ಡ್ ಕಿಂಗ್ಸನ್ ಒಂದು ಪಕ್ಕಕ್ಕೆ ಹಾರಿದರು. ಅಬ್ರೆವು ಚೆಂಡಿನ ಬುಡಕ್ಕೆ ಪಾದ ತಾಗಿಸಿ ಮೆಲ್ಲಗೆ ಎತ್ತಿಬಿಟ್ಟರು, ಅಷ್ಟೇ. ಕೀಪರ್ ಬಿಟ್ಟುಹೋದ ನಟ್ಟನಡು ಜಾಗದಲ್ಲಿ ಚೆಂಡು ತೇಲುತ್ತಾ ಹೋಗಿ ಬಲೆಗೆ ಬಿತ್ತು. ನಲವತ್ತು ವರ್ಷಗಳ ಮೇಲೆ ಉರುಗ್ವೆ ವಿಶ್ವಕಪ್ ಸೆಮಿಫೈನಲ್ ಕಂಡಿತು. ಆ ಹಂತ ಮುಟ್ಟುವ ಮೊದಲ ಆಫ್ರಿಕನ್ ತಂಡ ಆಗಬೇಕಿದ್ದ ಘಾನಾ ಕಣ್ಣೀರಿಟ್ಟಿತು. ಆ ಗೋಲನ್ನು ನೆನೆದಾಗಲೆಲ್ಲ ನನಗೆ ಖುಷಿಯ ಜೊತೆಗೆ ಆ ಕಣ್ಣೀರೂ ನೆನಪಾಗುತ್ತದೆ.

ಅಬ್ರೆವು ಅವರ ಅಡ್ಡಹೆಸರು 'ಎಲ್ ಲೋಕೋ', ಅಂದರೆ ಹುಚ್ಚ. ಆ ಪೆನಾಲ್ಟಿ ಕಂಡವರಿಗೆ ಹೆಸರು ಸರಿಯಾಗಿಯೇ ಇದೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ, ಬ್ರೆಜಿಲ್‌ನ ರಿಯೋ ರಾಜ್ಯ ಚಾಂಪಿಯನ್‌ಶಿಪ್ ನಿರ್ಧರಿಸಿದ ಪಂದ್ಯದಲ್ಲಿ, ಬೊಟಾಫೋಗೊ ಕ್ಲಬ್ ಪರವಾಗಿ ಫ್ಲಮೆಂಗೊ ವಿರುದ್ಧ ಅವರು ಹೊಡೆದದ್ದೂ ಇಂಥದೇ ಪೆನಾಲ್ಟಿ. ಬೊಟಾಫೋಗೊ 2-1ಕ್ಕೆ ಗೆದ್ದಿತು, ಪ್ರಶಸ್ತಿಯೂ ಬಂತು. ಕೀಪರ್ ಯಾವ ಕಡೆಗಾದರೂ ಹಾರಿಯೇ ಹಾರುತ್ತಾನೆ, ನಡು ಖಾಲಿ ಉಳಿಯುತ್ತದೆ ಎಂಬ ಲೆಕ್ಕ ಅದರ ಹಿಂದಿದೆ. ಈ ಹೊಡೆತವನ್ನು ಜಗತ್ತಿಗೆ ತೋರಿಸಿಕೊಟ್ಟವರು ಜೆಕೊಸ್ಲೊವಾಕಿಯಾದ ಆಂಟೊನಿನ್ ಪನೆಂಕಾ; 1976ರ ಜೂನ್‌ನಲ್ಲಿ, ಬೆಲ್‌ಗ್ರೇಡ್‌ನ ಯೂರೋ ಫೈನಲ್‌ನಲ್ಲಿ. ಅದಾದ ನಾಲ್ಕು ತಿಂಗಳಿಗೆ, ಅಕ್ಟೋಬರ್ 17ರಂದು, ಉರುಗ್ವೆಯ ಮಿನಾಸ್ ಎಂಬ ಊರಿನಲ್ಲಿ ಅಬ್ರೆವು ಹುಟ್ಟಿದರು. ಕಾಕತಾಳೀಯವೇ ಸರಿ, ಆದರೂ ಹೇಳದೆ ಇರಲಾರೆ.

ಇನ್ನು ಅವರ ಅಲೆದಾಟ. ಮಾಂಟೆವಿಡಿಯೋದ ಡಿಫೆನ್ಸರ್ ಸ್ಪೋರ್ಟಿಂಗ್‌ನಿಂದ ಹೊರಟವರು ಅರ್ಜೆಂಟೀನಾ, ಸ್ಪೇನ್, ಬ್ರೆಜಿಲ್, ಮೆಕ್ಸಿಕೋ, ಇಸ್ರೇಲ್, ಗ್ರೀಸ್, ಈಕ್ವೆಡಾರ್, ಪರಾಗ್ವೆ, ಎಲ್ ಸಾಲ್ವಡಾರ್, ಚಿಲಿ ಎಂದು ಸುತ್ತಿದರು. ಸ್ವದೇಶವೂ ಸೇರಿ 11 ದೇಶ, ಮೂವತ್ತರ ಆಸುಪಾಸು ಕ್ಲಬ್. ಚಿಲಿಯ ಆಡಾಕ್ಸ್ ಇಟಾಲಿಯಾನೋ ಸೇರಿದಾಗ ಅದು ಅವರ 26ನೆಯ ಕ್ಲಬ್. ಅತಿ ಹೆಚ್ಚು ಕ್ಲಬ್‌ಗಳಿಗೆ ಆಡಿದ ಗಿನ್ನೆಸ್ ದಾಖಲೆಯೂ ಅವರದಾಯಿತು. ಆಟ ನಿಲ್ಲಿಸಿದ್ದು 2021ರಲ್ಲಿ, 44ನೇ ವಯಸ್ಸಿನಲ್ಲಿ.

ಎಲ್ಲೂ ನೆಲೆ ನಿಲ್ಲದವನು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಸ್ವಲ್ಪ ತಾಳಿ. ಹೊಸ ಕ್ಲಬ್ಬೆಂದರೆ ಹೊಸ ಕೋಚ್. ಒಬ್ಬರಿಗೆ ಎತ್ತರದ ಚೆಂಡು ಬೇಕು, ಇನ್ನೊಬ್ಬರಿಗೆ ನೆಲದ ಪಾಸು. ಅಡ್ಡ ಬರುವ ಚೆಂಡಿಗೆ ಕಾದು ತಲೆಯಿಂದ ಹೊಡೆಯುವ ಎತ್ತರದ ಸ್ಟ್ರೈಕರ್‌ಗೆ ಪಕ್ಕದ ಆಟಗಾರ ಯಾವ ಗಳಿಗೆಯಲ್ಲಿ ಚೆಂಡು ಕಳಿಸುತ್ತಾನೆ ಎಂಬುದೇ ಪ್ರಾಣ. ಪ್ರತಿ ಸಲವೂ ಅದನ್ನು ಹೊಸಬರಿಂದ, ಕೆಲವೊಮ್ಮೆ ಬೇರೆ ಭಾಷೆಯಲ್ಲಿ, ಮೊದಲಿಂದ ಕಲಿಯಬೇಕು. ಹೀಗೆ ಕಲಿತೂ ಕಲಿತೂ ಅವರು ಗೋಲು ಹೊಡೆಯುತ್ತಲೇ ಹೋದರು. ಈ ಅಲೆದಾಟದ ನಡುವೆಯೇ ಉರುಗ್ವೆಗಾಗಿ 70 ಪಂದ್ಯ ಆಡಿ 26 ಗೋಲು ಗಳಿಸಿದರು, ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಾದ ಕೋಪಾ ಅಮೆರಿಕವನ್ನು 2011ರಲ್ಲಿ ಗೆದ್ದ ತಂಡದಲ್ಲೂ ಇದ್ದರು.

ನನ್ನನ್ನು ಹೆಚ್ಚು ಕಾಡುವುದು ಮೆಕ್ಸಿಕೋದ ಕುಲಿಯಾಕಾನ್ ನಗರದ ಒಂದು ಋತು. ಅಲ್ಲಿನ ಡೊರಾಡೋಸ್ ಎಂಬ ಪುಟ್ಟ ಕ್ಲಬ್ಬಿಗೆ 2006ರಲ್ಲಿ ಹುವಾನ್ ಮಾನ್ಯುಯೆಲ್ ಲಿಲ್ಲೊ ಕೋಚ್. ಲಿಲ್ಲೊ ಅವರಿಂದ ಕಲಿಯಬೇಕೆಂದೇ, ಆಟದ ಬದುಕಿನ ಸಂಜೆಯಲ್ಲಿದ್ದ ಪೆಪ್ ಗಾರ್ಡಿಯೋಲಾ ಅಷ್ಟು ದೂರ ಬಂದಿದ್ದರು. ಅದೇ ತಂಡದ ಮುಂಚೂಣಿಯಲ್ಲಿ ಅಬ್ರೆವು. ಆ ಅರ್ಧವರ್ಷದ ಟೂರ್ನಿಯಲ್ಲಿ ಅವರು 11 ಗೋಲು ಹೊಡೆದು ಅತಿ ಹೆಚ್ಚು ಗೋಲು ಗಳಿಸಿದವರಲ್ಲಿ ಒಬ್ಬರಾದರು. ಆದರೂ ಕ್ಲಬ್ ಕೆಳಗಿನ ದರ್ಜೆಗೆ ಜಾರಿತು. ಆಗ ಮೆಕ್ಸಿಕೋದಲ್ಲಿ ಕೆಳದರ್ಜೆಗೆ ಯಾರೆಂದು ನಿರ್ಧರಿಸಲು ಹಲವು ಋತುಗಳ ಅಂಕಗಳ ಸರಾಸರಿ ನೋಡುತ್ತಿದ್ದರು. ಹಳೆಯ ಸೋಲುಗಳ ಭಾರ ಈ ಗೋಲುಗಳಿಗೂ ಮಿಗಿಲಾಯಿತು.

ಅಲ್ಲಿಂದ ಗಾರ್ಡಿಯೋಲಾ ಎರಡೇ ವರ್ಷದಲ್ಲಿ ಬಾರ್ಸಿಲೋನಾದ ಮುಖ್ಯ ಕೋಚ್ ಆದರು. ಅಬ್ರೆವು ಇನ್ನೂ ಹದಿನೈದು ವರ್ಷ ಆಡಿದರು. ಕೋಚ್ ಆಗಲು ಅವಸರಪಡಲಿಲ್ಲ. ಉರುಗ್ವೆಯ ಬೋಸ್ಟನ್ ರಿವರ್‌ನಲ್ಲಿ ಆಟಗಾರನೂ ಕೋಚೂ ಎರಡೂ ಆಗಿ ದುಡಿದರು. ಆಮೇಲೆ ಪೆರುವಿನ ಸೆಸಾರ್ ವಲ್ಲೆಹೊ ತಂಡ. ಕೋಚ್ ಆದ ಮೇಲೂ ಸೂಟ್‌ಕೇಸ್ ಅಟ್ಟ ಹತ್ತಲಿಲ್ಲ ಎನ್ನಿ.

2024ರಲ್ಲಿ ಅವರನ್ನು ಕರೆದದ್ದು ಅದೇ ಡೊರಾಡೋಸ್. ಹದಿನೆಂಟು ವರ್ಷಗಳ ಹಿಂದೆ ತಾನು ಗೋಲು ಹೊಡೆದೂ ಉಳಿಸಿಕೊಳ್ಳಲಾಗದ ಕ್ಲಬ್, ಆಗ ಎರಡನೇ ದರ್ಜೆಯಲ್ಲಿತ್ತು. ಅವರು ಹೋದರು. ಅಲ್ಲಿಂದ 2025ರಲ್ಲಿ ಮೊದಲ ದರ್ಜೆಯ ತಿಹುವಾನಾ ತಂಡಕ್ಕೆ ಬಂದಾಗ, ಅವರ ಕೈಕೆಳಗೆ ಆಡಲು ನಿಂತವರಲ್ಲಿ ಹದಿನಾರರ ಹುಡುಗ ಗಿಲ್ಬರ್ಟೊ ಮೋರಾ ಒಬ್ಬ. ಆ ಹುಡುಗ ಹುಟ್ಟಿದ್ದು 2008ರ ಅಕ್ಟೋಬರ್‌ನಲ್ಲಿ. ಅಬ್ರೆವು ಆಗಲೇ ಹತ್ತಕ್ಕೂ ಹೆಚ್ಚು ಕ್ಲಬ್‌ಗಳ ಅಂಗಿ ತೊಟ್ಟು ಮುಗಿಸಿದ್ದರು.

ನಮಸ್ಕಾರ.