ಕೊನೆ ಗೊತ್ತು, ಮನೆ ಗೊತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಪುಸ್ತಕವನ್ನು ಒಮ್ಮೆ ನೋಡಿ. ತ.ರಾ.ಸು. ಅವರ 'ದುರ್ಗಾಸ್ತಮಾನ'. ರಟ್ಟು ಕಳಚಿ ಬಂದಿದೆ. ಬೆನ್ನಿಗೆ ನಮ್ಮಪ್ಪ ಹಳೇ ಪಂಚೆಯ ತುಂಡು ಅಂಟಿಸಿದ್ದಾರೆ. ಮೈದಾ ಅಂಟು ಹಾಕಿದ ಕಡೆಯೆಲ್ಲ ಹುಳ ತಿಂದ ಸಣ್ಣ ಸಣ್ಣ ತೂತು. ಕೊನೆಗೆ ಇನ್ನೂ ಒಂದಷ್ಟು ಪುಟ ಇದೆ ಅನ್ನುವಾಗ ಇಲ್ಲೊಂದು ಬಸ್ ಟಿಕೆಟ್ ಸಿಕ್ಕಿಸಿದೆ. ಅದರ ಕತೆಗೆ ಆಮೇಲೆ ಬರುತ್ತೇನೆ.

ಸಾಮಾಜಿಕ ಮತ್ತು ಐತಿಹಾಸಿಕ ಕಾದಂಬರಿಗಳ ಬಗ್ಗೆ ಒಬ್ಬ ಓದುಗಳಾಗಿ ನನಗೆ ಅನಿಸಿದ್ದನ್ನು ಹೇಳಿ ಎಂದು ಕೇಳಿದಿರಿ. ನಾನು ಬೆಳೆದದ್ದು ಚಿತ್ರದುರ್ಗದಲ್ಲಿ. ನಾವು ಹೋಗುತ್ತಿದ್ದ ಲೈಬ್ರರಿಯಲ್ಲಿ ಕಾದಂಬರಿಗಳಿಗೆ ಎರಡು ಬೀರು. ಒಂದರ ಮೇಲೆ 'ಸಾಮಾಜಿಕ' ಅಂತ ಚೀಟಿ, ಇನ್ನೊಂದರ ಮೇಲೆ 'ಐತಿಹಾಸಿಕ'. ಅಮ್ಮ ಮೊದಲನೆಯದರಿಂದ ತ್ರಿವೇಣಿ, ಎಂ.ಕೆ. ಇಂದಿರಾ ತರುತ್ತಿದ್ದರು. ಅಪ್ಪ ಎರಡನೆಯದರಿಂದ ತ.ರಾ.ಸು., ಅ.ನ.ಕೃ. ತರುತ್ತಿದ್ದರು. ಅವರ ಪುಸ್ತಕ ಇವರು ಮುಟ್ಟುತ್ತಿರಲಿಲ್ಲ, ಇವರದ್ದು ಅವರು ಮುಟ್ಟುತ್ತಿರಲಿಲ್ಲ. ವಾಪಸ್ ಕೊಡುವುದರೊಳಗೆ ಎರಡನ್ನೂ ಓದಿ ಮುಗಿಸುತ್ತಿದ್ದವಳು ನಾನು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೈಯಲ್ಲಿ ಶರಪಂಜರದ ಕಾವೇರಿ, ರಾತ್ರಿ ಊಟ ಆದಮೇಲೆ ಕತ್ತಿ ಕುದುರೆ.

ಹೀಗೆ ಎರಡು ಬೀರುಗಳ ನಡುವೆ ಓಡಾಡಿದ್ದರಿಂದ ನನಗೆ ಒಂದು ವಿಷಯ ಅರ್ಥವಾಯಿತು. ಐತಿಹಾಸಿಕ ಕಾದಂಬರಿ ಕೈಗೆತ್ತಿಕೊಂಡಾಗ ಕೊನೆ ಗೊತ್ತಿರುತ್ತದೆ, ಮನೆ ಗೊತ್ತಿರುವುದಿಲ್ಲ. ಸಾಮಾಜಿಕ ಕಾದಂಬರಿಯಲ್ಲಿ ಮನೆ ಗೊತ್ತು, ಕೊನೆ ಗೊತ್ತಿಲ್ಲ. ದುರ್ಗ ಬೀಳುತ್ತದೆ, ಹಂಪಿ ಹಾಳಾಗುತ್ತದೆ, ಕೊಡಗು ಕಂಪನಿಯ ಕೈ ಸೇರುತ್ತದೆ. ಇದೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೆ ಆ ಕೋಟೆಯೊಳಗೆ ಜನ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ಯಾರ ಜೊತೆ ಯಾರಿಗೆ ಮಾತಿರಲಿಲ್ಲ, ರಾಣಿಗೆ ರಾತ್ರಿ ನಿದ್ದೆ ಬರುತ್ತಿತ್ತಾ? ಅದನ್ನು ಶಾಲೆಯ ಪುಸ್ತಕ ಹೇಳುವುದಿಲ್ಲ. ನಾನು ಕಾದಂಬರಿ ಹತ್ತಿರ ಹೋಗುವುದೇ ಅದಕ್ಕೆ.

ದುರ್ಗಾಸ್ತಮಾನವನ್ನೇ ನೋಡಿ. ಹೆಸರಿನಲ್ಲೇ ಕೊನೆ ಹೇಳಿಬಿಟ್ಟಿದ್ದಾರೆ. ಮದಕರಿ ನಾಯಕ ಪಟ್ಟಕ್ಕೆ ಬಂದದ್ದು 1754ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ. ಹೈದರಾಲಿ ಕೋಟೆ ಹಿಡಿದದ್ದು 1779ರಲ್ಲಿ. ಇಪ್ಪತ್ತೈದು ವರ್ಷ. ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ನಾಯಕ ಮತ್ತೆ ದುರ್ಗ ನೋಡಲಿಲ್ಲ. ಇಷ್ಟೂ ಗೊತ್ತಿದ್ದೇ ಓದುತ್ತೇವೆ. ಆದರೂ ಪ್ರತಿ ಸಲ, ಈ ಸಲವಾದರೂ ಬಾಗಿಲು ತೆರೆಯದಿರಲಿ, ಈ ಸಲವಾದರೂ ಒಳಗಿನವರು ಒಗ್ಗಟ್ಟಾಗಿರಲಿ ಅನಿಸುತ್ತದೆ. ಗೊತ್ತಿರುವ ಕೊನೆಯ ಎದುರು ಆಸೆ ಹುಟ್ಟಿಸುವುದು ಸಣ್ಣ ಕೆಲಸ ಅಲ್ಲ. ತ.ರಾ.ಸು. ಅದನ್ನು ಮಾಡಿದ್ದು ಅವಸರ ಮಾಡದೆ. ಯುದ್ಧಕ್ಕಿಂತ ಜಾಸ್ತಿ ಜಾಗವನ್ನು ಮನಸ್ಸುಗಳಿಗೆ ಕೊಟ್ಟಿದ್ದಾರೆ. ಕೋಟೆ ಕಲ್ಲಿನಿಂದ ಬೀಳುವ ಮೊದಲು ಮನೆಯೊಳಗಿನ ಮಾತಿನಿಂದ ಬೀಳುತ್ತದೆ ಅನ್ನುವುದು ಅದನ್ನು ಓದಿದಮೇಲೆ ನನಗೆ ಉಳಿದ ಭಾವ.

ಅದಕ್ಕೂ ಮೊದಲೇ ಅವರು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಬರೆದು ದುರ್ಗದ ನಾಯಕರ ಕತೆ ಹೇಳಿದ್ದರು. ದುರ್ಗಾಸ್ತಮಾನ ಬಂದದ್ದು 1982ರಲ್ಲಿ, ಅವರಿಗೆ ಅರವತ್ತು ದಾಟಿದಮೇಲೆ. 1984ರಲ್ಲಿ ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅವರು ಹೋದಮೇಲೆ, 1985ರಲ್ಲಿ. ಒಂದೇ ಊರಿನ ಸುತ್ತ ಒಬ್ಬ ಮನುಷ್ಯ ಇಷ್ಟು ವರ್ಷ ಸುತ್ತಿದ್ದಾರೆ ಅಂದರೆ ಅದು ಸುಮ್ನೆ ಕತೆ ಹೇಳುವ ಉತ್ಸಾಹ ಅಲ್ಲ. ಮನೆಯ ಹಿರಿಯರ ಸಾವಿನ ಬಗ್ಗೆ ಮತ್ತೆ ಮತ್ತೆ ಮಾತಾಡುತ್ತೇವಲ್ಲ, ಹಾಗೆ ಅದು.

ಭಾನುವಾರ ಬೆಳಿಗ್ಗೆ ಅಪ್ಪ ನಮ್ಮನ್ನು ಕೋಟೆಗೆ ಕರೆದುಕೊಂಡು ಹೋಗುತ್ತಿದ್ದರು. ಏಕನಾಥಮ್ಮನಿಗೆ ಕೈ ಮುಗಿದು, ಹೊಂಡದ ಮೆಟ್ಟಿಲ ಮೇಲೆ ಕೂತು, ಮನೆಯಿಂದ ತಂದ ಮಂಡಕ್ಕಿ ತಿನ್ನುತ್ತಿದ್ದೆವು. ಆಮೇಲೆ ತಣ್ಣೀರು ದೋಣಿ, ಅದರ ಹತ್ತಿರವೇ ಓಬವ್ವನ ಕಿಂಡಿ. ಆ ಕಿಂಡಿ ನೋಡಿದವರಿಗೆ ಗೊತ್ತು. ಬಂಡೆಗಳ ನಡುವೆ ಒಬ್ಬರು ಮೈ ಕುಗ್ಗಿಸಿ ನುಗ್ಗುವಷ್ಟೇ ಜಾಗ. ಅಪ್ಪ ಒನಕೆ ಹಿಡಿದವರ ಹಾಗೆ ಎರಡೂ ಕೈ ಎತ್ತಿ ನಿಂತು, "ಅವಳು ನೀರಿಗೆ ಅಂತ ಬಂದವಳು ಕಣಮ್ಮ. ಗಂಡ ಊಟಕ್ಕೆ ಕೂತಿದ್ದ" ಅನ್ನುತ್ತಿದ್ದರು. ನನಗೆ ನಾಯಕನ ಸಿಂಹಾಸನಕ್ಕಿಂತ ಆ ಅರ್ಧ ಮುಗಿದ ಊಟ ಜಾಸ್ತಿ ಕಾಣುತ್ತಿತ್ತು. ಇವತ್ತಿಗೂ ಹಾಗೇ. ಅವಳ ಮುಖ ಮಾತ್ರ 'ನಾಗರಹಾವು' ಸಿನಿಮಾದ ಜಯಂತಿ ಅವರದ್ದು. 1972ರ ನಂತರ ಹುಟ್ಟಿ ಬೆಳೆದ ದುರ್ಗದ ಮಕ್ಕಳೆಲ್ಲರಿಗೂ ಅದೇ ಮುಖ ಇರಬೇಕು, ಅಲ್ವಾ?

ಇಲ್ಲಿ ಒಂದು ಎಚ್ಚರವೂ ಬೇಕು. ಅಪ್ಪ ಹೇಳುತ್ತಿದ್ದದ್ದರಲ್ಲಿ ಯಾವುದು ಚರಿತ್ರೆ, ಯಾವುದು ಜನರ ಬಾಯಿಮಾತು, ಯಾವುದು ಕಾದಂಬರಿ ಅಂತ ನನಗೆ ಬಹಳ ವರ್ಷ ಗೊತ್ತಾಗಲೇ ಇಲ್ಲ. ಶಾಂತಲೆಯ ವಿಷಯದಲ್ಲೂ ಹೀಗೇ. ಶ್ರವಣಬೆಳಗೊಳದ ಶಾಸನ ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎನ್ನುತ್ತದೆ. ಶಿವಗಂಗೆಗೆ ಹೋದರೆ ಜನ ಒಂದು ಕಡಿದಾದ ತುದಿ ತೋರಿಸಿ 'ಶಾಂತಲಾ ಡ್ರಾಪ್' ಅನ್ನುತ್ತಾರೆ. ಶಾಸನದ ಒಂದು ಸಾಲಿಗೂ ಆ ತುದಿಗೂ ನಡುವೆ ಎಷ್ಟೊಂದು ಖಾಲಿ ಜಾಗ ಇದೆ! ಕಾದಂಬರಿಕಾರರು ಮನೆ ಕಟ್ಟುವುದು ಅಲ್ಲಿ. ಕೆ.ವಿ. ಅಯ್ಯರ್ ಒಂದು ಮನೆ ಕಟ್ಟಿದರು, ಸಿ.ಕೆ. ನಾಗರಾಜರಾವ್ ಇನ್ನೊಂದು ಕಟ್ಟಿದರು. ಎರಡರಲ್ಲೂ ನಾನು ಸಂತೋಷವಾಗಿ ಇದ್ದು ಬಂದಿದ್ದೇನೆ. ಆದರೆ ಹೊರಗೆ ಬಂದಮೇಲೆ ಶಾಸನದ ಸಾಲನ್ನು ಒಂದು ಸಲ ನೆನೆಸಿಕೊಳ್ಳುತ್ತೇನೆ. ಓದುಗರು ಇಷ್ಟು ಮಾಡಲೇಬೇಕು ಅಂತ ನನ್ನ ನಂಬಿಕೆ.

ಇನ್ನು ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಐತಿಹಾಸಿಕ ಕಾದಂಬರಿಗಳಲ್ಲಿ ನಾನು ಅತಿ ಹೆಚ್ಚು ಸಲ ಓದಿರುವುದು ಇದನ್ನೇ. ಇದರ ರಾಜ ನಮ್ಮ ಮದಕರಿಯ ಹಾಗೆ ಪ್ರೀತಿಸುವಂಥವನಲ್ಲ. ಕುಡಿತ, ಸಿಟ್ಟು, ಹೆಣ್ಣುಮಕ್ಕಳ ಮೇಲೆ ಕಣ್ಣು. ಪಕ್ಕದಲ್ಲಿ ಕುಂಟ ಬಸವ. ಮಾಸ್ತಿಯವರು ಯಾವುದನ್ನೂ ಮುಚ್ಚಿಡುವುದಿಲ್ಲ, ಆದರೆ ಒಮ್ಮೆಯೂ ಗದರುವುದಿಲ್ಲ. ಊರ ಹಿರಿಯರು ಜಗಲಿ ಮೇಲೆ ಕೂತು ಪಕ್ಕದ ಮನೆ ಹಾಳಾದ ಕತೆ ಹೇಳಿದ ಹಾಗೆ, ದನಿ ಏರಿಸದೆ ಹೇಳುತ್ತಾ ಹೋಗುತ್ತಾರೆ. ಓದುತ್ತಾ ಓದುತ್ತಾ ನನಗೆ ರಾಜನ ಮೇಲಿನ ಕೋಪ ಇಳಿದು, ರಾಣಿ ಗೌರಮ್ಮನ ಚಿಂತೆ ಹತ್ತಿಕೊಳ್ಳುತ್ತದೆ. ಇಂಥ ಗಂಡನನ್ನೂ, ಮಗಳನ್ನೂ, ರಾಜ್ಯವನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅವಳು ಪಡುವ ಪಾಡು ನಮ್ಮ ಎಷ್ಟೋ ಮನೆಗಳದ್ದೇ ಪಾಡು. 1834ರಲ್ಲಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಆ ರಾಜ 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮತಾಯಿಯಾಗಿ ನಿಂತಳು. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಡಿಕೇರಿ ಕೋಟೆಯ ಅಂಗಳದಲ್ಲಿ ಎರಡು ಗಾರೆ ಆನೆಗಳಿವೆ. ಬಂದವರೆಲ್ಲ ಅವುಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಹೋದಾಗ ಆನೆಗಳಿಗೆ ಬೆನ್ನು ಮಾಡಿ ಅರಮನೆಯ ಕಿಟಕಿಗಳನ್ನೇ ನೋಡುತ್ತಾ ನಿಂತಿದ್ದೆ. ಗೌರಮ್ಮ ಯಾವ ಕಿಟಕಿ ಹತ್ತಿರ ಕೂರುತ್ತಿದ್ದಳೋ ಏನೋ.

ನನಗೆ ಹಿಡಿಸದ ಐತಿಹಾಸಿಕ ಕಾದಂಬರಿಗಳೂ ಬೇಕಾದಷ್ಟಿವೆ. ಮಾತೆತ್ತಿದರೆ 'ಮಹಾಪ್ರಭು', ಎದುರಾಳಿ ಅಂದರೆ ಹುಟ್ಟಿನಿಂದಲೇ ಕೆಟ್ಟವನು, ಹೆಂಗಸರು ಆರತಿ ಎತ್ತಲಿಕ್ಕೆ ಮಾತ್ರ. ಅಲ್ಲಿ ಯಾರಿಗೂ ಹಸಿವಾಗುವುದಿಲ್ಲ, ನೆಗಡಿಯಾಗುವುದಿಲ್ಲ. ಅಂಥವನ್ನು ನಾನು ಅರ್ಧಕ್ಕೇ ಬಿಡುತ್ತೇನೆ.

ಈಗ ಅಮ್ಮನ ಬೀರುವಿಗೆ ಬರೋಣ. ಭೈರಪ್ಪನವರ 'ಗೃಹಭಂಗ' ಬಂದದ್ದು 1970ರಲ್ಲಿ. ಅಮ್ಮ ಅದನ್ನು ಸಾಮಾಜಿಕ ಕಾದಂಬರಿ ಅಂತಲೇ ತಂದದ್ದು, ನಾನು ಹಾಗೇ ಓದಿದ್ದು. ನಂಜಮ್ಮ ಕೈಲಾಗದ ಗಂಡನ ಬದಲು ಶ್ಯಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ನೋಡುತ್ತಾಳೆ. ಪಾರ್ವತಿ, ರಾಮಣ್ಣ ಇಬ್ಬರನ್ನೂ ಪ್ಲೇಗು ಒಯ್ದಾಗ ಅಮ್ಮ ಪುಸ್ತಕ ಮಡಚಿಟ್ಟು ಹಿತ್ತಿಲಿಗೆ ಹೋಗಿ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನನಗೆ ಅದು ಒಂದು ಮನೆಯ ದುಃಖ, ಅಷ್ಟೇ.

2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಅದನ್ನು ಮತ್ತೆ ತೆಗೆದೆ. ಬೇರೆಯೇ ಪುಸ್ತಕ ಓದಿದ ಹಾಗಾಯಿತು. ನಮ್ಮಜ್ಜಿ ಹೇಳುತ್ತಿದ್ದ ಮಾತುಗಳೆಲ್ಲ ಎದ್ದು ಬಂದವು. "ಇಲಿ ಬಿತ್ತು ಅಂದ್ರೆ ಊರು ಬಿಡಬೇಕು" ಅನ್ನುತ್ತಿದ್ದರು ಅವರು. ಅಟ್ಟದಿಂದ ಸತ್ತ ಇಲಿ ಬಿದ್ದರೆ ಸಾಕು, ಪಾತ್ರೆ ಪಗಡ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕಿಕೊಂಡು ಇರುವುದು. ಆ ಗುಡಿಸಲುಗಳು, ಆ ಭಯ, ಹೆಣ ಎತ್ತಲಿಕ್ಕೂ ಜನ ಇಲ್ಲದ ಆ ದಿನಗಳು ಈಗ ಯಾರ ನೆನಪಿನಲ್ಲೂ ಉಳಿದಿಲ್ಲ. ನಮ್ಮಜ್ಜಿಯೂ ಇಲ್ಲ. ಶ್ಯಾನುಭೋಗಿಕೆಯೂ ಇಲ್ಲ. ನಂಜಮ್ಮನ ಮನೆ ನನಗೆ ಗೊತ್ತಿರುವ ಮನೆ ಆಗಿತ್ತು. ನನ್ನ ಮಗಳಿಗೆ ಅದು ಗೊತ್ತಿಲ್ಲದ ಮನೆ. ನನಗೆ ಗೊತ್ತಾಗದ ಹಾಗೆ ಆ ಪುಸ್ತಕ ಆ ಬೀರುವಿನಿಂದ ಈ ಬೀರುವಿಗೆ ಬಂದುಬಿಟ್ಟಿದೆ.

ಇದು ತಿಳಿದಮೇಲೆ ಹೊಸ ಕಾದಂಬರಿ ಓದುವ ರೀತಿಯೇ ಬದಲಾಯಿತು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಸಣ್ಣ ಪುಸ್ತಕ. ಹಳೇ ಬಾಡಿಗೆ ಮನೆಯಲ್ಲಿ ಇರುವೆ ಕಾಟ. ಡಬ್ಬಕ್ಕೆ, ಅನ್ನದ ಪಾತ್ರೆಗೆ, ಎಲ್ಲದಕ್ಕೂ ಇರುವೆ. ಅಂಥ ಮನೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡಿದ್ದವರು ಮಸಾಲೆ ವ್ಯಾಪಾರದಲ್ಲಿ ದುಡ್ಡು ಬಂದು ದೊಡ್ಡ ಮನೆಗೆ ಹೋಗುತ್ತಾರೆ. ಆಮೇಲೆ ಆ ಮನೆಯವರು ಏನಾಗುತ್ತಾರೆ ಅನ್ನುವುದೇ ಕತೆ. ಓದುವಾಗ ನಮ್ಮ ನೆಂಟರಿಷ್ಟರೇ ಕಣ್ಣ ಮುಂದೆ ಬರುತ್ತಾರೆ. ಬೆಂಗಳೂರಿಗೆ ದಿಢೀರನೆ ದುಡ್ಡು ಬಂದ ಕಾಲದಲ್ಲಿ ಮಧ್ಯಮ ವರ್ಗದ ಮನೆ ಒಳಗಿಂದ ಹೇಗೆ ಬದಲಾಯಿತು ಅಂತ ಐವತ್ತು ವರ್ಷದ ನಂತರ ಯಾರಾದರೂ ಕೇಳಿದರೆ, ಈ ಇರುವೆಗಳನ್ನೇ ತೋರಿಸಬೇಕು.

ವಸುಧೇಂದ್ರರ 'ತೇಜೋ-ತುಂಗಭದ್ರಾ' ಇದನ್ನೇ ಆ ತುದಿಯಿಂದ ಮಾಡುತ್ತದೆ. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ನಮ್ಮ ತುಂಗಭದ್ರೆ. ವಿಜಯನಗರ ಅಂದರೆ ಕೃಷ್ಣದೇವರಾಯ, ಮುತ್ತು ರತ್ನ ಅಂದುಕೊಂಡು ಬೆಳೆದ ನನಗೆ, ರಾಜ ಒಂದು ಪಕ್ಕಕ್ಕೆ ನಿಂತು ಸಾಮಾನ್ಯರು ಮುಂದೆ ಬಂದದ್ದು ದೊಡ್ಡ ಸಮಾಧಾನ ಕೊಟ್ಟಿತು. ಊರು ಬಿಟ್ಟು ಓಡಿಬಂದ ಯಹೂದಿಗಳು, ಹಡಗು ಹತ್ತಿದ ಬಡ ಹುಡುಗರು, ಸತಿ ಹೋಗಬೇಕಾದ ಹೆಂಗಸರು. 2019ರಲ್ಲಿ ಬಂದ ಪುಸ್ತಕ ಅದು. ಅಪ್ಪ ಇದ್ದಿದ್ದರೆ ಜಗಳ ಆಡಿಕೊಂಡಾದರೂ ಪೂರ್ತಿ ಓದುತ್ತಿದ್ದರು. ಅಮ್ಮನಂತೂ ಖಂಡಿತ ಓದುತ್ತಿದ್ದರು.

ಈಗ ಟಿಕೆಟ್ಟಿನ ವಿಷಯ. ಅಪ್ಪ ದುರ್ಗಾಸ್ತಮಾನವನ್ನು ಎಷ್ಟು ಸಲ ಓದಿದರೋ ಲೆಕ್ಕ ಇಲ್ಲ. ಆದರೆ ಮೊದಲ ಸಲ ಬಿಟ್ಟರೆ ಮತ್ತೆ ಯಾವತ್ತೂ ಪೂರ್ತಿ ಓದಲಿಲ್ಲ. ಈ ಪುಟಕ್ಕೆ ಬಂದರೆ ನಿಲ್ಲಿಸುತ್ತಿದ್ದರು. ಕೊನೆಯ ವರ್ಷ ಕಣ್ಣು ಮಂಜಾದಾಗ ನಾನೇ ಓದಿ ಹೇಳುತ್ತಿದ್ದೆ. ರಾತ್ರಿ ಊಟ ಆದಮೇಲೆ ಮಂಚದ ಪಕ್ಕ ಕೂತು ದಿನಕ್ಕೆ ಐದಾರು ಪುಟ. ಟಿಕೆಟ್ ಇರುವ ಜಾಗ ಬಂತು. ನಾನು ಪುಟ ತಿರುವಲು ಹೋದೆ. ಅಪ್ಪ ಕೈ ಚಾಚಿ ಪುಸ್ತಕದ ಮೇಲೆ ಇಟ್ಟರು.

"ಇಲ್ಲಿಗೆ ಸಾಕು ಕಣಮ್ಮ. ಇನ್ನೂ ಕೋಟೆ ನಮ್ಮದೇ ಇದೆ" ಅಂದರು.

ಪುಸ್ತಕ ಈ ಮೇಜಿನ ಮೇಲೆ ಇರುತ್ತದೆ. ಬೇಕಾದವರು ಬಂದು ನೋಡಿ, ಓದಿ. ಟಿಕೆಟ್ ಮಾತ್ರ ಇರುವ ಜಾಗದಲ್ಲೇ ಇರಲಿ.