ತಾಡಪತ್ರಿ ತೆಗೆಯುವುದಿಲ್ಲ, ಏನೀಗ?

ನಮಸ್ಕಾರ. ಹೋದ ವಾರ ಶಿರಸಿ ಪೇಟೆಯ ಒಂದು ಜಲವರ್ಣ ಚಿತ್ರ ಹಾಕಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ. ಓದುತ್ತೇನೆ, ಕೇಳಿ. 'ಅಕ್ಕಾ, ಪೇಂಟಿಂಗ್ ಸೂಪರ್. ಹಂಚಿನ ಮಾಡು ಎಷ್ಟು ಚಂದ ಬಂದಿದೆ. ಆದರೆ ನಡುವೆ ಆ ನೀಲಿ ತಾಡಪತ್ರಿ ಯಾಕೆ? ಅದೊಂದು ಬಿಟ್ಟಿದ್ದರೆ ಫ್ರೇಮ್ ಹಾಕಿಸಬಹುದಿತ್ತು.'

ನನ್ನ ಚಿತ್ರಕ್ಕಿಂತ ಈ ಕಮೆಂಟಿಗೇ ಜಾಸ್ತಿ ಲೈಕ್ ಬಂದಿದೆ, ಮಾರಾಯ್ರೆ. ಇವತ್ತು ಬ್ರಶ್‌ಗಳ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಿನ ಸಲ. ಇವತ್ತು ತಾಡಪತ್ರಿ, ಅಂದರೆ ಮಳೆಗೆ ಹೊದಿಸುವ ಆ ಪ್ಲಾಸ್ಟಿಕ್ ಟಾರ್ಪಾಲು.

ನನ್ನ ಮಾತು ಇಷ್ಟೇ. ಉತ್ತರ ಕನ್ನಡದ ಪೇಟೆ ಬೀದಿಯಲ್ಲಿ ಕೂತು ಚಿತ್ರ ಬರೆದು, ಅದರಲ್ಲಿ ತಾಡಪತ್ರಿ ಇಲ್ಲ ಅಂದರೆ ನೀವು ಆ ಬೀದಿಯನ್ನು ನೋಡಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದೂ ನೆಟ್ಟಗೆ ಬೀಳುವುದಿಲ್ಲ. ಗಾಳಿ ಜೊತೆ ಅಡ್ಡ ಬೀಳುತ್ತದೆ. ಜಗಲಿ, ಅಂಗಡಿ, ಬೈಕು, ಸೌದೆ, ಅಡಿಕೆ, ಎಲ್ಲದಕ್ಕೂ ಎರಚಲು ಹೊಡೆಯುತ್ತದೆ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ದಡಕ್ಕೆ ಎಳೆದಿಟ್ಟ ದೋಣಿಗೂ ಹೊದಿಕೆ ಬೇಕು. ಯಾವುದು ಹೊದಿಸುತ್ತಾರೆ? ರೇಷ್ಮೆ ಶಾಲಾ?

ತಮಾಷೆ ಏನು ಗೊತ್ತಾ? ಹಿಂದೆ ಇದೇ ಕೆಲಸವನ್ನು ಅಡಿಕೆ ಸೋಗೆ ಮಾಡುತ್ತಿತ್ತು. ಮಳೆಗಾಲ ಬಂತು ಅಂದರೆ ಜಗಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗಲೂ ಅಲ್ಲಲ್ಲಿ ಕಟ್ಟುತ್ತಾರೆ. ಆ ಸೋಗೆ ತಟ್ಟಿಯನ್ನು ನಾನು ಬರೆದೆ ಅನ್ನಿ. ಇದೇ ಜನ 'ಆಹಾ, ನಮ್ಮ ಸಂಸ್ಕೃತಿ' ಅಂತ ಕೈಮುಗಿಯುವ ಎಮೋಜಿ ಹಾಕುತ್ತಾರೆ. ಕೆಲಸ ಅದೇ, ಜಾಗ ಅದೇ, ಕಟ್ಟುವ ಕೈಯೂ ಅದೇ. ಸೋಗೆಯಾದರೆ ಸಂಸ್ಕೃತಿ, ಪ್ಲಾಸ್ಟಿಕ್ಕಾದರೆ ಕಸ. ಹೀಗೆ ಹೇಳುವವರು ಮನೆಯಲ್ಲಿ ಕಾರಿಗೆ ಏನು ಹೊದಿಸುತ್ತಾರೆ ಅಂತ ಒಂದು ಫೋಟೋ ಕಳಿಸಲಿ ನೋಡೋಣ.

ಬಣ್ಣದ ಮಾತಿಗೆ ಬರುತ್ತೇನೆ. ಇದು ನಿಜವಾಗಿ ಖುಷಿಯ ಭಾಗ. ಆ ನೀಲಿಗೆ ಅಲ್ಟ್ರಾಮರೀನ್ ಅನ್ನುವ ನೀಲಿ ಬಣ್ಣ ಹಾಕಿದರೆ ನೇರಳೆ ಕಡೆಗೆ ಹೋಗುತ್ತದೆ. ಬೇಕಾದದ್ದು ಥ್ಯಾಲೋ ಬ್ಲೂ ಅನ್ನುವ ಇನ್ನೊಂದು ನೀಲಿ. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಪಿಗ್ಮೆಂಟ್ ಅದು, ತಾಮ್ರ ಸೇರಿಸಿ ಮಾಡುವಂಥದ್ದು. ಪ್ಲಾಸ್ಟಿಕ್ಕಿಗೆ ನೀಲಿ ಕೊಡುವುದಕ್ಕೂ ಇದನ್ನು ಧಾರಾಳವಾಗಿ ಬಳಸುತ್ತಾರೆ. ಇನ್ನು ಹಂಚಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕಂದುಗೆಂಪು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಹಂಚಿನ ಕೆಂಪೂ ಅದೇ, ಚಿರೆಕಲ್ಲಿನ ಕೆಂಪೂ ಅದೇ. ಕಿತ್ತಳೆ ಕಡೆಗಿನ ಆ ಕೆಂಪಿನ ಪಕ್ಕ ಈ ನೀಲಿ ಕೂತರೆ ಎರಡೂ ಉರಿಯುತ್ತವೆ. ಎರಡನ್ನೂ ತಟ್ಟೆಯಲ್ಲಿ ಕಲಸಿದರೆ ಕಪ್ಪು ಕಪ್ಪಾದ ಬೂದು. ಅದಕ್ಕೆ ನೀರು ಜಾಸ್ತಿ ಸೇರಿಸಿ, ಆಷಾಢದ ಆಕಾಶ ರೆಡಿ. ಊರೇ ತನ್ನ ಬಣ್ಣದ ಡಬ್ಬಿ ಜೋಡಿಸಿ ಕೊಟ್ಟಿದೆ. ಇವರು ಅದರಲ್ಲಿ ಅರ್ಧ ಎಸೆಯಿರಿ ಅನ್ನುತ್ತಾರೆ!

ಒಂದು ಎಚ್ಚರಿಕೆ. ಥ್ಯಾಲೋ ಕಾಗದಕ್ಕೆ ಹಿಡಿದರೆ ಬಿಡುವುದಿಲ್ಲ. ಒರೆಸಿ ತೆಗೆಯೋಣ ಅಂದರೆ ಆಗುವುದಿಲ್ಲ. ಜುಲೈನಲ್ಲಿ ಇನ್ನೂ ಕಷ್ಟ. 300 ಜಿಎಸ್‌ಎಂನ ದಪ್ಪ ಹತ್ತಿ ಕಾಗದದ ಮೇಲೆ ಒಂದು ವಾಶ್, ಅಂದರೆ ನೀರಾದ ಬಣ್ಣದ ಪದರ ಹಾಕಿ, ಚಹಾ ಕುಡಿದು, ಬನ್ಸ್ ತಿಂದು ಬಂದರೂ ಒದ್ದೆಯೇ ಇರುತ್ತದೆ. ಹಂಚು ಒಣಗುವ ಮುಂಚೆ ನೀಲಿ ಮುಟ್ಟಿಸಿದಿರೋ, ಬಣ್ಣ ಹರಡಿ ಮಾಡಿನ ತುಂಬ ಹೂಕೋಸಿನಂಥ ಕಲೆ ಅರಳುತ್ತದೆ. ಹಾಗಾಗಿ ಹಂಚು ಮೊದಲು, ತಾಡಪತ್ರಿ ಕೊನೆಗೆ. ಮಡಿಕೆಗಳ ಮೇಲಿನ ಹೊಳಪಿಗೆ ಕಾಗದದ ಬಿಳಿಯನ್ನೇ ಬಿಡಿ. ಇದನ್ನೆಲ್ಲ ಮೆಂಬರ್‌ಗಳಿಗೆ ಬೇರೆ ವಿಡಿಯೋದಲ್ಲಿ ಮಾಡಿ ತೋರಿಸಿದ್ದೇನೆ, ಲಿಂಕ್ ಕೆಳಗಿದೆ. ಅಂದಹಾಗೆ ಯಾವ ತಾಡಪತ್ರಿ ಕಂಪನಿಯೂ ನನಗೆ ದುಡ್ಡು ಕೊಟ್ಟಿಲ್ಲ. ಕೊಡುವುದಾದರೆ ಇಮೇಲೂ ಕೆಳಗಿದೆ.

ಕಾರವಾರದಲ್ಲಿ ಮೀನು ಮಾರುವವರ ಸಾಲಿಗೆ ಹೋಗಿ ನೋಡಿ. ತಾಡಪತ್ರಿ ಒಳಗೆ ಬೆಳಕೇ ಬೇರೆ. ಎಲ್ಲರ ಮುಖ ನೀಲಿ. ಬಂಗಡೆಯಂತೂ ಆ ಬೆಳಕಲ್ಲಿ ಈಗ ತಾನೇ ಹಾರಿ ಬಂದು ಬಿದ್ದ ಹಾಗೆ ಕಾಣುತ್ತದೆ. ನಾನು ಅಲ್ಲಿ ಸ್ಟೂಲ್ ಹಾಕಿ ಬರೆಯುತ್ತಾ ಕೂತಿದ್ದೆ. ಮೀನಿನ ಅಮ್ಮ ಬಗ್ಗಿ ನೋಡಿದರು. 'ನನ್ನ ತಾಡಪತ್ರಿಗೆ ತೂತು ಇದೆಯಲ್ಲ ಬಾಯಿ, ಅದನ್ನೂ ಹಾಕು' ಅಂದರು. ಹಾಕಿದೆ. ಅವರಿಗೆ ಗೊತ್ತಾದದ್ದು ಕಮೆಂಟ್ ಹಾಕುವವರಿಗೆ ಗೊತ್ತಾಗುವುದಿಲ್ಲ, ಅಲ್ವಾ?

'ಕಲಾವಿದರ ಸ್ವಾತಂತ್ರ್ಯ' ಅಂತ ಇನ್ನೊಬ್ಬರು. ಇದೆ ಸ್ವಾಮಿ, ಯಾರು ಇಲ್ಲ ಅಂದರು? ಆದರೆ ಎಲ್ಲರ ಸ್ವಾತಂತ್ರ್ಯವೂ ತಾಡಪತ್ರಿಯನ್ನೇ ಯಾಕೆ ತೆಗೆಯುತ್ತದೆ? ಒಬ್ಬರಾದರೂ ತೆಂಗಿನ ಮರ ತೆಗೆದಿದ್ದಾರಾ? ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅಷ್ಟು ದೊಡ್ಡ ಚಪಲ್ ಯುದ್ಧನೌಕೆ ನಿಂತಿದೆ. ಅದನ್ನೂ ನುಂಗಿ ಬರೀ ಸೂರ್ಯಾಸ್ತ ಬರೆಯುತ್ತಾರೆ. ಆ ಸೂರ್ಯಾಸ್ತ ಮಲ್ಪೆಯದ್ದೂ ಆಗಬಹುದು, ಗೋವಾದ್ದೂ ಆಗಬಹುದು.

2007ರಲ್ಲಿ ಸಿಯಾಟಲ್‌ನ ಪತ್ರಿಕಾ ಕಲಾವಿದ ಗೇಬ್ರಿಯೆಲ್ ಕ್ಯಾಂಪನಾರಿಯೋ ಅರ್ಬನ್ ಸ್ಕೆಚರ್ಸ್ ಅನ್ನುವ ಚಿತ್ರಗಾರರ ಬಳಗ ಶುರು ಮಾಡಿದರು. ಅವರ ಪ್ರಣಾಳಿಕೆಯಲ್ಲೇ ಇದೆ, ಜಾಗದಲ್ಲೇ ಕೂತು ಬರೆಯಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು ಅಂತ. 'ಅದು ಫಾರಿನ್‌ನವರ ರೂಲು' ಅನ್ನಬೇಡಿ. ನಿಮ್ಮ ಬಣ್ಣದ ಟ್ಯೂಬ್ ಮತ್ತೇನು, ಬನವಾಸಿಯಲ್ಲಿ ಹುಟ್ಟಿದ್ದಾ?

ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ನೆನಪಿದೆಯಾ? 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿದರು. ಅದಕ್ಕೂ ಮುಂಚೆ ಸದಾಶಿವಗಡ ಗುಡ್ಡವನ್ನು ಚಂದ ಕಾಣಲಿ ಅಂತ ಸೇತುವೆ ಬಿಟ್ಟು ಬರೆದವರಿದ್ದಾರೆ. ಈಗ ಆ ಸೇತುವೆ ನೋಡಿ ಬರೆಯಿರಿ ನೋಡೋಣ! ತಾಡಪತ್ರಿಯೂ ಹಾಗೇ. ನಾಳೆ ಅದರ ಜಾಗಕ್ಕೆ ಇನ್ನೇನೋ ಶೀಟು ಬರುತ್ತದೆ. ಆಗ ಇದೇ ಜನ 'ಆ ಕಾಲದ ನೀಲಿ ತಾಡಪತ್ರಿ' ಅಂತ ಕಣ್ಣೀರು ಹಾಕುತ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ.

'ನೆಗೆಟಿವ್ ಆಗಿ ತೋರಿಸುತ್ತೀರಿ' ಅಂತಲೂ ಬಂದಿದೆ. ನೀಲಿ ನೆಗೆಟಿವ್ವಾ? 'ಮನೆಯ ಗೋಡೆಗೆ ಹೊಂದುವುದಿಲ್ಲ' ಅಂತ ಮತ್ತೊಬ್ಬರು. ಗೋಡೆ ಬದಲಾಯಿಸಿ. ಕಾರಣ ಕೇಳಬೇಡಿ ಇನ್ನು, ಹೇಳಿ ಹೇಳಿ ಸಾಕಾಗಿದೆ. ಹಾಕುತ್ತೇನೆ. ಮುಂದಿನ ಚಿತ್ರದಲ್ಲಿ ಎರಡು ಹಾಕುತ್ತೇನೆ. ಗೋಕರ್ಣದ ರಥಬೀದಿ ಬರೆಯುತ್ತಿದ್ದೇನೆ, ಅಲ್ಲಿ ಕಿತ್ತಳೆ ತಾಡಪತ್ರಿ ಸಿಕ್ಕರೆ ಅದನ್ನೂ ಹಾಕುತ್ತೇನೆ.

ಆ ಕಮೆಂಟ್ ಹಾಕಿದವರಿಗೆ ಪ್ರೀತಿಯಿಂದಲೇ ಹೇಳುತ್ತಿದ್ದೇನೆ, ಬ್ಲಾಕ್ ಮಾಡಿಲ್ಲ. ಶಿರಸಿ ಚಿತ್ರದ ಪೋಸ್ಟ್‌ಕಾರ್ಡ್ ಪ್ರಿಂಟಿಗೆ ಕೊಟ್ಟಿದ್ದೇನೆ, ಬೇಕಾದವರು ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ಕಾರವಾರದಲ್ಲಿ ಎಲ್ಲ ಸೇರಿ ಸ್ಕೆಚ್ ಮಾಡುವುದಿದೆ. ಹೊಸಬರೂ ಬರಬಹುದು, ಫೀಸು ಇಲ್ಲ, ಪೆನ್ಸಿಲ್ ನಾನೇ ಕೊಡುತ್ತೇನೆ. ಕೊಡೆ ಮಾತ್ರ ನಿಮ್ಮದೇ ತನ್ನಿ. ಹೋದ ಸಲ ನನ್ನದು ಯಾರೋ ಎತ್ತಿಕೊಂಡು ಹೋಗಿದ್ದಾರೆ, ಅವರೂ ಬನ್ನಿ.